ನಡುದಾರಿಯಲ್ಲಿ ನಿಲ್ಲದ ಕಾರು

ನಮ್ಮ ಸೋದರಮಾವ ಕಾರು ಕೊಳ್ಳಲು ಹೊರಟಿದ್ದಾನೆಂದು ಸುಳಿವು ಸಿಕ್ಕರೆ ಸಾಕು, ಜಮಖಂಡಿಯಿಂದ ಮುಧೋಳದವರೆಗೆ ಹಳೇ ಕಾರು ಮಾರುವವರೆಲ್ಲ ಬೆಳಿಗ್ಗೆ ಒಂಬತ್ತಕ್ಕೇ ಮಧ್ಯಾಹ್ನದ ಊಟಕ್ಕೆ ಹೋಗಿಬಿಡುತ್ತಾರೆ! ಸುಳ್ಳಲ್ಲ. ಒಮ್ಮೆ ಜಮಖಂಡಿಯಲ್ಲಿ ನಾನೇ ಜೊತೆಗಿದ್ದೆ. ನಮ್ಮನ್ನು ಕಂಡದ್ದೇ ಅಂಗಡಿಯವನು ಏನನ್ನೋ ಹುಡುಕುವವನಂತೆ ಮೇಜಿನ ಕೆಳಗೆ ಬಗ್ಗಿದ. ಬಗ್ಗಿದವನು ಏಳಲೇ ಇಲ್ಲ. ಮಾವ ಬಿಡುವ ಆಸಾಮಿಯೇ? ಕುರ್ಚಿ ಎಳೆದುಕೊಂಡು ಕೂತು ಮೇಜಿಗೇ ಕೇಳಿದ:

"ಏನು ಕಳಕೊಂಡೀರಿ ಮಾಲಕರ? ನಾನೂ ಹುಡುಕಲೇನು?"

ಅವನಿಗೆ ಕಾರಿನ ಹುಚ್ಚು ಎಂದುಕೊಳ್ಳಬೇಡಿ. ಕುರಿ ಕಾಯ್ದ ಮನೆತನ ನಮ್ಮ ಅವ್ವನ ತವರು. ಊರೂರು ನಡೆದೇ ಅಡ್ಡಾಡಿದವರು. ಕಾರಿನ ಬಣ್ಣ, ಹೆಸರು, ವೇಗ ಇವು ಯಾವುದರ ಗೊಡವೆಯೂ ಅವನಿಗಿಲ್ಲ. ಬೇಕಾದದ್ದು ಇಷ್ಟೇ. ಪಂಚಮಿ ಹಬ್ಬಕ್ಕೆ ರಬಕವಿಗೆ ಬಂದು ತನ್ನ ಅಕ್ಕನನ್ನು, ಎಂದರೆ ನನ್ನ ಅವ್ವನನ್ನು, ಕೂಡಿಸಿಕೊಂಡು ಬೀಳಗಿ ಕಡೆಯ ತವರಿಗೆ ಮುಟ್ಟಿಸಬೇಕು. ದಾರಿಯಲ್ಲಿ ಕಾರು ಕೆಟ್ಟು ನಿಲ್ಲಕೂಡದು. ಎಲ್ಲಿಯೂ ನಿಲ್ಲಕೂಡದು!

ನಮ್ಮ ಕಡೆ ಪಂಚಮಿಗೆ ಅಣ್ಣನೋ ತಮ್ಮನೋ ಬಂದು ಕರೆಯದಿದ್ದರೆ ಹೆಣ್ಣುಮಕ್ಕಳಿಗೆ ಹಬ್ಬವೇ ಅಲ್ಲ. ಮಾವ ಒಂದು ವರ್ಷವೂ ತಪ್ಪಿಸಿದವನಲ್ಲ. ಪ್ರತಿ ವರ್ಷ ಬಸ್ಸಿನಲ್ಲಿ ಬರುತ್ತಿದ್ದ, ಬಸ್ಸಿನಲ್ಲೇ ಒಯ್ಯುತ್ತಿದ್ದ. ಬಸ್ಸು ಹತ್ತುವಾಗ ಪ್ರತಿ ವರ್ಷವೂ ಅದೇ ಮಾತು:

"ಈ ವರ್ಷ ಒಂದು ತಡಕೋ ಅಕ್ಕಾ. ಬರೂ ವರ್ಷ ಕಾರ್‌ನ್ಯಾಗ ಕರಕೊಂಡು ಹೊಕ್ಕೇನಿ."

ಅವ್ವನೂ ಪ್ರತಿ ವರ್ಷ ಮೊದಲ ಸಲ ಕೇಳಿದವಳಂತೆ "ಆತಪಾ" ಎನ್ನುತ್ತಿದ್ದಳು.

ಹೀಗಾಗಿ ಯಾವ ಅಂಗಡಿಗೆ ಹೋದರೂ ಮಾವನದು ಒಂದೇ ಪ್ರಶ್ನೆ.

"ಇದು ಹಾದ್ಯಾಗ ನಡಬರಕ ನಿಂದರತೈತೇನ್ರಿ?"

"ಛೇ ಛೇ! ಖಾತ್ರಿ ಗಾಡಿ ಐತ್ರಿ ಯಜಮಾನ್ರ. ಎಲ್ಲೂ ನಿಂದರೂದಿಲ್ಲ."

"ಬ್ರೇಕ್ ಇಲ್ಲೇನ್ರಿ ಹಂಗಾರ?"

ಮುಗಿಯಿತು, ಆ ಕಾರು ಬೇಡ. ಇನ್ನೊಬ್ಬ ಪಾಪ, ಒಳ್ಳೆಯವನು, "ಮಷಿನ್ ಅಂದ ಮ್ಯಾಲ ಒಮ್ಮೊಮ್ಮೆ ನಿಂದರತೈತ್ರಿ" ಎಂದು ಇದ್ದದ್ದು ಇದ್ದ ಹಾಗೆ ಹೇಳಿದ. ಮಾವ ಅವನನ್ನು ಬಾಯ್ತುಂಬ ಹೊಗಳಿದ, ಅವನದೇ ಚಹಾ ಕುಡಿದ, ನಿಲ್ಲುವ ಕಾರು ತನಗೆ ಬೇಡವೆಂದು ಎದ್ದುಬಂದ. ಸುಳ್ಳು ಹೇಳಿದರೂ ಬೇಡ, ಖರೆ ಹೇಳಿದರೂ ಬೇಡ ಎಂದರೆ ಮಾರುವವರು ಏನು ಹೇಳಬೇಕು ನೀವೇ ಹೇಳಿ!

ನಮ್ಮ ಮನೆದೇವರು ಬೀರೇಶ್ವರ. ಮಾವನ ಕಿಸೆಯಲ್ಲಿ ಯಾವಾಗಲೂ ಭಂಡಾರದ ಪೊಟ್ಟಣ ಇರುತ್ತದೆ, ದೇವರ ಅರಿಶಿನಪುಡಿ. ಕಾರು ಚಾಲೂ ಮಾಡಿ ನೋಡುವ ಮುಂಚೆ ಅದರ ಹಣೆಗೆ ಒಂದು ಚಿಟಿಕೆ ಹಚ್ಚಲೇಬೇಕು. ಒಂದು ದಿನ ಅಂಗಡಿಯವನು ಕೈಮುಗಿದೇ ಬಿಟ್ಟ.

"ಕಾಕಾ, ನೀವು ಗಾಡಿ ಒಯ್ಯೂದಿಲ್ಲ, ಭಂಡಾರ ಹಚ್ಚೂದು ಬಿಡೂದಿಲ್ಲ. ಬಂದ ಮಂದಿ ಪೂಜಿ ಆಗೇತಿ, ಮಾರಿ ಹೋಗೇತಿ ಅಂತ ತಿಳದು ಹೊಳ್ಳಿ ಹೊಂಟಾರ!"

"ಛಲೋ ಆತಲ್ಲ! ದೇವರು ನನಗಂತನ ಕಾಯ್ದು ಇಟ್ಟಾನ ತಗೋ."

ಈ ಚಟ ಎಲ್ಲಿಗೆ ಮುಟ್ಟಿತೆಂದರೆ, ನನಗೆ ಗಂಡು ನೋಡಲು ಹೋದಾಗ ಬೀಗರಾಗಬೇಕಾದವರ ಎದುರು ಚಹಾ ಬಶಿ ಕೆಳಗಿಟ್ಟು, ಹಳೇ ಕಾರಿನ ವಿಚಾರ ಕೇಳುವವನ ಹಾಗೆ, "ಹುಡುಗ ಮೊದಲ ಎಲ್ಲೆರೆ ಗುದ್ದಿದ್ದೇನ್ರಿ?" ಎಂದು ಕೇಳಿದ. ನನ್ನ ಗಂಡನ ತಂದೆ ಇಂದಿಗೂ ಅದನ್ನು ಮರೆತಿಲ್ಲ. ಗಂಡನ ಮೇಲೆ ಸಿಟ್ಟು ಬಂದಾಗ, ಆ ಪ್ರಶ್ನೆಗೆ ಸರಿಯಾದ ಉತ್ತರ ತೆಗೆದುಕೊಳ್ಳಬೇಕಿತ್ತು ಎಂದು ನನಗೂ ಅನಿಸುವುದುಂಟು.

ಇಷ್ಟಕ್ಕೇ ಮುಗಿಯಲಿಲ್ಲ. ಹಿಪ್ಪರಗಿ ದಾರಿಯಲ್ಲಿ ಕಾರು ಓಡಿಸಿ ನೋಡುವಾಗ ಹಿಂದಿನ ಸೀಟಿನಲ್ಲಿ ಜೋಳದ ಚೀಲ ಇಡಿಸುತ್ತಿದ್ದ. "ಸಾವಕಾಶ ಹೊಡಿಯೋ, ಅಕ್ಕ ಕುಂತಾಳಂತ ತಿಳಕೋ" ಎಂದು ಡ್ರೈವರನಿಗೆ ತಾಕೀತು ಬೇರೆ. ಸುದ್ದಿ ರಬಕವಿಗೆ ಮುಟ್ಟಿತು. ಅವ್ವ ರೊಟ್ಟಿ ಬಡಿಯುತ್ತ ಕೇಳಿದಳು:

"ನನ್ನ ಬದಲಿ ಚೀಲ ಇಟ್ಟಿದ್ದೆಂತಲ್ಲೋ. ಎಷ್ಟು ಚೀಲ?"

"ಒಂದೂವರಿ ಅಕ್ಕಾ."

ಆ ಹೊತ್ತು ಮಾವನ ತಾಟಿಗೆ ಎರಡನೆಯ ರೊಟ್ಟಿ ಬೀಳಲಿಲ್ಲ.

ನಗುತ್ತ ನಗುತ್ತ ನಾನು ಒಂದು ದಿನ ಅವ್ವನ ಮುಂದೆ ಅಂದೆ, "ಮಾಮಾಗ ಖರೇನ ತಲಿ ಕೆಟ್ಟೇತಿ ನೋಡಬೇ."

ಅವ್ವ ನಗಲಿಲ್ಲ. ಕೈಯಲ್ಲಿದ್ದ ಮೊರ ಕೆಳಗಿಟ್ಟಳು.

ನಾನಿನ್ನೂ ತೊಟ್ಟಿಲಲ್ಲಿದ್ದಾಗಿನ ಮಾತಂತೆ. ಅಜ್ಜಿಗೆ ಬಹಳ ಜಡ್ಡಾಗಿತ್ತು. ಮಗಳನ್ನು ನೋಡಬೇಕೆಂದು ಜೀವ ಹಿಡಿದುಕೊಂಡಿದ್ದಳು. ಮಾವ ಬಾಡಿಗೆ ಜೀಪು ತೆಗೆದುಕೊಂಡು ಅವ್ವನನ್ನು ಕರೆಯಲು ಬಂದ. ತಿರುಗಿ ಹೋಗುವಾಗ ಜಮಖಂಡಿ ದಾಟಿದ್ದೇ ಜೀಪು ನಿಂತುಬಿಟ್ಟಿತು. ಡ್ರೈವರ್ ಏನೇನೋ ಬಿಚ್ಚಿದ, ಏನೇನೋ ಕಟ್ಟಿದ. ಮಾವ ಬರಿಗಾಲಲ್ಲಿ ಜೀಪನ್ನು ದಬ್ಬಿದ, ಅಳುತ್ತ ದಬ್ಬಿದ. ಅವರು ಊರು ಮುಟ್ಟುವಷ್ಟರಲ್ಲಿ ಅಜ್ಜಿ ಹೋಗಿಬಿಟ್ಟಿದ್ದಳು. ಹೊರಗೆ ಯಾವ ಗಾಡಿಯ ಸದ್ದಾದರೂ ಬಾಗಿಲ ಕಡೆ ಹೊರಳಿ "ಬಂದಳೇನು?" ಎಂದು ಕೇಳುತ್ತಿದ್ದಳೆಂದು ಹತ್ತಿರ ಕೂತವರು ಹೇಳಿದರಂತೆ.

"ಅವತ್ತು ಎರಡು ಜೀಪು ಇದ್ದುವಂತ. ಒಂದು ಹಳೇದು, ಒಂದು ಹೊಸಾ ಬಣ್ಣದ್ದು. ಅಕ್ಕನ್ನ ಕರಿಯಾಕ ಚಂದಂದು ಇರಲಿ ಅಂತ ಬಣ್ಣದ್ದು ತಂದಿದ್ದ," ಎಂದಳು ಅವ್ವ. "ನಾ ಅವಗ ಒಂದು ಮಾತೂ ಅಂದಾಕಿಯಲ್ಲ. ಆದ್ರೂ ಅವ ಮರೀಲಿಲ್ಲ."

ಆಮೇಲೆ ಆ ಊರೂ ಅಣೆಕಟ್ಟಿನ ಹಿನ್ನೀರಿನಲ್ಲಿ ಮುಳುಗಿತು. ಅಜ್ಜಿ ಹೊರಳಿ ಹೊರಳಿ ನೋಡಿದ ಆ ಬಾಗಿಲೂ ಮುಳುಗಿತು. ತವರೆಂದರೆ ಈಗ ಸರಕಾರ ಕೊಟ್ಟ ಜಾಗದಲ್ಲಿ ಮಾವ ಕಟ್ಟಿಸಿದ ಹೊಸ ಮನೆ. ಅವ್ವ ಅಲ್ಲಿಗೆ ಹೋದಾಗಲೆಲ್ಲ ಹೊಸ್ತಿಲಲ್ಲಿ ಒಂದು ಗಳಿಗೆ ನಿಲ್ಲುತ್ತಾಳೆ, ಯಾರಾದರೂ ಒಳಗಿನಿಂದ ಕರೆದಾರೇನೋ ಎನ್ನುವ ಹಾಗೆ.

ಕೊನೆಗೂ ಮಾವ ಕಾರು ಕೊಂಡ! ಮುಧೋಳದ ಅಂಗಡಿಯವನೊಬ್ಬ, ಅದೇ ಪ್ರಶ್ನೆ ಕೇಳಿ ಕೇಳಿ ಸಾಕಾಗಿ, "ನಿಂತರ ನನಗೊಂದು ಫೋನ್ ಹಚ್ಚರಿ ಯಜಮಾನ್ರ, ನಾನ ಬಂದು ದಬ್ಬತೇನಿ" ಎಂದನಂತೆ. ಮಾವ ಅಲ್ಲೇ ಎದುರಿಗಿದ್ದ ಬಿಳೀ ಕಾರನ್ನು ತೆಗೆದುಕೊಂಡ. ಇಷ್ಟು ವರ್ಷ ಅವನಿಗೆ ಬೇಕಾಗಿದ್ದದ್ದು ದಬ್ಬಲು ಇನ್ನೊಂದು ಕೈ ಎಂದು ಯಾರಿಗೆ ಹೊಳೆದೀತು?

ಆ ವರ್ಷದ ಪಂಚಮಿಗೆ ಕಾರು ರಬಕವಿಗೆ ಬಂತು. ಕಬ್ಬಿನ ಟ್ರ್ಯಾಕ್ಟರ್ ಹೊಡೆದ ಕೈ, ಮಾವನೇ ಓಡಿಸಿದ. ಅವ್ವ ಹೊಸ ಇಳಕಲ್ಲ ಸೀರೆ ಉಟ್ಟು ಮುಂದೆ ಕೂತಳು, ನಾನು ಬುತ್ತಿಗಂಟಿನ ಜೊತೆ ಹಿಂದೆ. ಜಮಖಂಡಿ ದಾಟಿತು. ಎರಡೂ ಕಡೆ ಕಬ್ಬು, ಮೇಲೆ ಶ್ರಾವಣದ ಮೋಡ. ಕಾರು ಒಮ್ಮೆ ಕೆಮ್ಮಿತು, ಇನ್ನೊಮ್ಮೆ ಕೆಮ್ಮಿತು, ನಿಂತಿತು.

ನನಗೆ ನಗು ಬರಬೇಕಿತ್ತು. ಬರಲಿಲ್ಲ. ಅಂಗಡಿಯವನಿಗೆ ನಾನೇ ಫೋನ್ ಹಚ್ಚಿದೆ, ಈಗಲೇ ಹೊರಟೆ ಎಂದು ಅವನೆಂದ. ಮಾವ ಮಾತ್ರ ಸ್ಟೇರಿಂಗ್ ಹಿಡಿದ ಕೈ ಬಿಡಲಿಲ್ಲ.

"ಅಕ್ಕಾ... ಮತ್ತ ನಿಂತತಿ."

ಅವ್ವ ಇಳಿದಳು. ರಸ್ತೆ ಬದಿಯ ಬೇವಿನ ಗಿಡದ ಕೆಳಗೆ ಕೂತು ಬುತ್ತಿ ಬಿಚ್ಚಿದಳು.

"ಬಾರೋ, ಉಣ್ಣು ಬಾ."

"ಹೊತ್ತಾಗತೈತಿ ಅಕ್ಕಾ. ಯಾವಾಗ ಮುಟ್ಟೂದು?"

"ನನ್ನ ಹಾದಿ ನೋಡಾಕಿ ಹೋದಳು. ಆ ಮನೀನೂ ಹೋತು. ಇನ್ನ ನನಗ ತವರು ಅಂದ್ರ ನೀನೋ ತಮ್ಮಾ. ನೀ ಇಲ್ಲೇ ಅದಿಯಲ್ಲ," ಎಂದು ಅವ್ವ ರೊಟ್ಟಿ ಮುರಿದು ಅವನ ಕೈಗಿಟ್ಟಳು. "ನಾ ಆಗಲೇ ಮುಟ್ಟೇನಿ."

ಮಾವ ರುಮಾಲಿನ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಸಣ್ಣ ಹುಡುಗನ ಹಾಗೆ ಅತ್ತ. ಅವ್ವ ಅವನ ಬೆನ್ನ ಮೇಲೆ ಕೈ ಇಟ್ಟುಕೊಂಡು ಕೂತಳು. ಆಮೇಲೆ ಇಬ್ಬರೂ ಉಣ್ಣುತ್ತ ಅಜ್ಜಿಯ ಮಾತು ತೆಗೆದರು. ಅಷ್ಟು ವರ್ಷ ಒಬ್ಬರ ಮುಂದೆ ಒಬ್ಬರು ಎತ್ತದಿದ್ದ ಮಾತು. ಅಜ್ಜಿ ಹೇಗೆ ಬಯ್ಯುತ್ತಿದ್ದಳು, ಪಂಚಮಿಗೆ ಜೋಳದ ಅಳ್ಳು ಹುರಿಯುವಾಗ ಯಾರಿಗೆ ಮೊದಲು ಕೊಡುತ್ತಿದ್ದಳು, ಜೋಕಾಲಿಯಿಂದ ಯಾರು ಯಾರನ್ನು ಕೆಡವಿದರು. ನಾನು ಕೇಳುತ್ತ ಕೂತೆ. ಮುಖವೂ ನೆನಪಿಲ್ಲದ ಅಜ್ಜಿ ನನಗೂ ಬೇಕೆನಿಸಿದಳು.

ಅಷ್ಟರಲ್ಲಿ ಮುಧೋಳದ ಅಂಗಡಿಯವನು ಮೋಟರ್ ಸೈಕಲ್ ಮೇಲೆ ಬಂದೇ ಬಿಟ್ಟ. ಅಂಗಿಯ ತೋಳು ಮಡಚುತ್ತ, "ತಪ್ಪಾತ್ರಿ ಯಜಮಾನ್ರ, ಈಗಿಂದೀಗ ಚಾಲೂ ಮಾಡಿ ಕೊಡತೇನಿ" ಎಂದು ಬಾನೆಟ್ಟಿಗೆ ಕೈ ಹಾಕಿದ.

ಮಾವ ಕೂತಲ್ಲಿಂದಲೇ ಅವನನ್ನು ಕರೆದ.

"ಗಡಿಬಿಡಿ ಇಲ್ಲ ಬರ್ರಿ ಮಾಲಕರ. ಮೊದಲ ಒಂದು ರೊಟ್ಟಿ ತಿನ್ರಿ."