ಭದ್ರ ಬೆಂಬಲ

ಹಾಲೇಶನ ಹಳೇ ಫೋನಿನ ಗಾಜು ಒಡೆದು ಎಷ್ಟೋ ಕಾಲವಾಗಿತ್ತು. ಬಿರುಕು ಒಣಗಿದ ಹಳ್ಳದಂತೆ ಪರದೆಯ ನಡುವೆ ಹರಿದಿತ್ತು. ಯಾವ ಸಾಲು ಓದಿದರೂ ಒಂದೆರಡು ಅಕ್ಷರ ಹಳ್ಳಕ್ಕೆ ಬೀಳುತ್ತಿದ್ದವು. ಭಾನುವಾರ ಬೆಳಿಗ್ಗೆ ಅವನು ಹಲ್ಲುಜ್ಜುತ್ತಿದ್ದಾಗ ಅದರಲ್ಲೊಂದು ಸೂಚನೆ ಮೂಡಿತು: "ಭದ್ರ... ಬೆಂಬಲ ಕೊನೆಗೊಂಡಿದೆ."

ಶಿವಮೊಗ್ಗದ ಹೊಸಮನೆ ಬಡಾವಣೆಯ ಅವರ ಬೀದಿಯ ಸಂಘಕ್ಕೆ ಅಂದೇ ಮಧ್ಯಾಹ್ನ ಚುನಾವಣೆ. ಹಾಲೇಶನೂ ನಿಂತಿದ್ದ. ಅಧ್ಯಕ್ಷನಾದವನ ಕೈಗೆ ಬೋರ್‌ವೆಲ್ ವಾಲ್ವಿನ ಕೀ ಸಿಗುತ್ತದೆ. ಸದ್ಯ ಅದು ರೇಣುಕಾಪ್ರಸಾದನ ಬಳಿ ಇತ್ತು. ಹಾಗಾಗಿ ನೀರು ಮೊದಲು ಅವನ ಕ್ರೋಟನ್ ಗಿಡಗಳಿಗೆ. ಮಿಕ್ಕಿದರೆ ಹಾಲೇಶನ ಮನೆಗೆ. ಈ ಸಲವೂ ಕೀ ಬಾರದಿದ್ದರೆ ಒಗೆಯುವ ಬಟ್ಟೆಯ ಗಂಟು ಕಟ್ಟಿಕೊಂಡು ಭದ್ರಾವತಿಯ ತವರಿಗೆ ಹೋಗುವುದಾಗಿ ಹೆಂಡತಿ ವಾಣಿ ಹೇಳಿಯಾಗಿತ್ತು. ಹಾಲೇಶ ನೆಚ್ಚಿಕೊಂಡಿದ್ದೂ ಆ ತವರನ್ನೇ. ಬೀದಿಯಲ್ಲಿ ಮಾವ ಜಟ್ಟಪ್ಪನವರ ಮಾತು ಕೇಳುವ ನೆಂಟರ ಮನೆಗಳು ಹಲವಿದ್ದವು. ಅವರ ಓಟು ಬಿದ್ದರೆ ಗೆದ್ದ ಹಾಗೆ.

ಪಕ್ಕದ ಮನೆಯ ದಾಕ್ಷಾಯಣಮ್ಮ ಕಾಂಪೌಂಡಿನಿಂದ ಬಗ್ಗಿ ಫೋನು ಓದಿದರು. "ಭದ್ರಾವತಿ ಬೆಂಬಲ ಹೋಯ್ತು ಅಂತ ಬರೆದಿದೆ ಮಾರಾಯ. ನಿನ್ನ ಮಾವ ಕೈ ಕೊಟ್ರು."

"ಮಾವ ಇಷ್ಟು ಶುದ್ಧ ಕನ್ನಡ ಬರೆಯಲ್ವಲ್ಲ."

"ಕೆಟ್ಟ ಸುದ್ದಿ ನೋಡು, ಯಾರ ಹತ್ರನೋ ಬರೆಸಿರ್ತಾರೆ. ಫೋನ್ ಮಾಡ್ಬೇಡ, ಜಾರ್ಕೊಳ್ತಾರೆ. ಹೋಗಿ ಮುಖ ನೋಡ್ಕೊಂಡು ಕೇಳು."

ವಾಣಿ ಟ್ಯಾಂಕಿನಲ್ಲಿ ಇಣುಕಲು ಮಹಡಿ ಹತ್ತಿದ್ದಳು. ಅವಳ ಅಪ್ಪನ ವಿಷಯ ಅವಳನ್ನೇ ಕೇಳುವ ಧೈರ್ಯ ಹಾಲೇಶನಿಗಿರಲಿಲ್ಲ. ಭದ್ರಾವತಿಯ ಬಸ್ಸು ಹತ್ತಿ ಫೋನನ್ನು ಅತ್ತಿತ್ತ ವಾಲಿಸಿ ನೋಡಿದ. ಕೆಳಗೆ ಇನ್ನೊಂದು ಸಾಲಿತ್ತು: "ಇನ್ನು ಮುಂದಿನ ಅಪಾಯಗಳಿಗೆ ನೀವೇ ಹೊಣೆ." ಮಾವ ಬೆದರಿಕೆ ಹಾಕುವವರಲ್ಲ. ಹೋದ ತಿಂಗಳು ಅವರ ನೆಂಟರ ಗೃಹಪ್ರವೇಶದಲ್ಲಿ ತಾನು ಊಟ ಮಾಡದೆ ಬಂದದ್ದು ತಪ್ಪಾಯಿತೇ? ಅಥವಾ ಊಟ ಮಾಡಿಯೇ ಬಂದಿದ್ದೆನೇ? ಬಸ್ಸು ಭದ್ರಾವತಿ ಹತ್ತಿರದ ಕಡದಕಟ್ಟೆ ದಾಟುವಷ್ಟರಲ್ಲಿ ಅದೂ ಮರೆತುಹೋಗಿತ್ತು.

ಓಲ್ಡ್ ಟೌನಿನ ಮನೆಯಲ್ಲಿ ಜಟ್ಟಪ್ಪನವರು ಇಸ್ತ್ರಿ ಪಂಚೆ ಉಟ್ಟು, ಹಾರದ ಪೊಟ್ಟಣ ಹಿಡಿದು, ಶಿವಮೊಗ್ಗಕ್ಕೆ ಹೊರಟು ನಿಂತಿದ್ದರು. ಸುತ್ತ ನೆಂಟರು. ಹಾಲೇಶ ಚಪ್ಪಲಿಯನ್ನೂ ಬಿಡಲಿಲ್ಲ.

"ಬೆಂಬಲ ಇಲ್ಲ ಅಂದ್ರೆ ಮೊದ್ಲೇ ಹೇಳ್ಬಹುದಿತ್ತಲ್ಲ, ಮಾವ."

ಜಟ್ಟಪ್ಪನವರು ಹಾರವನ್ನು ನೋಡಿದರು, ಅಳಿಯನನ್ನು ನೋಡಿದರು. "ಬೆಳಿಗ್ಗೆ ಬೆಳಿಗ್ಗೆನೇ ಶುರು ಮಾಡ್ಕೊಂಡ್ಯೇನಪ್ಪ?"

ಅವರ ಸೊಸೆ ಸೌಂದರ್ಯ ಫೋನು ಇಸಿದುಕೊಂಡು ಅಡ್ಡ ತಿರುಗಿಸಿದಳು. ಹಳ್ಳಕ್ಕೆ ಬಿದ್ದಿದ್ದ ಅಕ್ಷರ ದಡಕ್ಕೆ ಬಂತು.

"ಭದ್ರತಾ, ಅಣ್ಣ. ಭದ್ರತಾ ಬೆಂಬಲ. ಫೋನ್ ಹಳೇದಾಯ್ತು, ಇನ್ಮೇಲೆ ಸೆಕ್ಯುರಿಟಿ ಅಪ್‌ಡೇಟ್ ಕಳಿಸಲ್ಲ ಅಂತಿದಾರೆ ಕಂಪನಿಯೋರು. ಕೊನೇದೊಂದು ಬಂದು ಕೂತಿದೆ, ನೀವು ಹಾಕ್ಕೊಂಡೇ ಇಲ್ಲ. ಹೀಗೇ ಬಿಟ್ರೆ ಕಳ್ಳರು ಒಳಗೆ ನುಗ್ತಾರೆ."

"ಹಾಕ್ಬಿಡಮ್ಮ," ಎಂದರು ಜಟ್ಟಪ್ಪ. "ಅಳಿಯಂದ್ರಿಗೂ ಯಾವುದಾದ್ರೂ ಇದ್ರೆ ಅದನ್ನೂ ಹಾಕು."

ಸೌಂದರ್ಯ ಒತ್ತಿದಳು. ಫೋನು ಕಪ್ಪಾಗಿ, ಸಣ್ಣ ಗೆರೆಯೊಂದು ಬಸವನಹುಳುವಿನಂತೆ ತೆವಳತೊಡಗಿತು. ಮುಗಿಯುವ ತನಕ ಯಾರೂ ಮುಟ್ಟಬಾರದು ಎಂದಳು. ಹಾಲೇಶ ಅದನ್ನು ಮಲಗಿದ ಮಗುವಿನಂತೆ ಅಂಗೈಲಿಟ್ಟುಕೊಂಡು ಕಾರು ಹತ್ತಿದ. ಗೆಲ್ಲುವುದು ಖಾತ್ರಿ ಎಂದು ಮಾವ ದಾರಿಯಲ್ಲಿ ಎಲ್ಲರಿಗೂ ದೋಸೆ ಕೊಡಿಸಿದರು. ದೋಸೆ ತಡವಾಯಿತು.

ಹೊಸಮನೆ ತಲುಪಿದಾಗ ಶಾಮಿಯಾನದ ಕೆಳಗೆ ಕುರ್ಚಿಗಳನ್ನು ಒಂದರ ಮೇಲೊಂದು ಪೇರಿಸಿಡುತ್ತಿದ್ದರು. ದಾಕ್ಷಾಯಣಮ್ಮ ಓಡಿ ಬಂದರು.

"ಎಲ್ಲಿ ಹೋಗಿದ್ದೆ ಮಾರಾಯ? ಪಾಪ, ನಿನಗೆ ಬೆಂಬಲ ಇಲ್ಲ ಅಂತ ಬೇಜಾರಲ್ಲಿ ನಾಲ್ಕು ಜನಕ್ಕೆ ಹೇಳ್ದೆ. ನಿಲ್ತೀಯೋ ಇಲ್ವೋ ಕೇಳೋಣ ಅಂತ ಎಲ್ರೂ ಫೋನ್ ಮಾಡಿದ್ವಿ, ಸ್ವಿಚ್ ಆಫ್. ಹಿಂದೆ ಸರಿದೆ ಅಂದ್ಕೊಂಡು ರೇಣುಕಾಪ್ರಸಾದನ್ನೇ ಅವಿರೋಧವಾಗಿ ಮಾಡಿಬಿಟ್ವಿ."

ಅಷ್ಟರಲ್ಲಿ ಮತ್ತೆ ಅಧ್ಯಕ್ಷನಾದ ರೇಣುಕಾಪ್ರಸಾದ ಬಂದು ಜಟ್ಟಪ್ಪನವರಿಗೆ ಬಗ್ಗಿ ಕೈಮುಗಿದ. ಜಟ್ಟಪ್ಪನವರು ಮರ್ಯಾದಸ್ಥರು. ಕೈಯಲ್ಲಿ ಹಾರವಿತ್ತು, ಎದುರಿಗೆ ಬಗ್ಗಿದ ಕೊರಳಿತ್ತು. ಹಾಕಿದರು.

ಹಾಲೇಶನ ಅಂಗೈಯಲ್ಲಿ ಫೋನು ಎಚ್ಚರವಾಗಿ ಗುಂಯ್‌ಗುಟ್ಟಿತು. ಈ ಸಲ ಅಕ್ಷರಗಳೆಲ್ಲ ಹಳ್ಳದ ಈಚೆಗೇ ಇದ್ದವು: "ನಿಮ್ಮ ಫೋನ್ ಈಗ ಸುರಕ್ಷಿತವಾಗಿದೆ."

"ಅದೊಂದು ಸೇಫಾಗಿದ್ರೆ ಸಾಕು," ಎನ್ನುತ್ತ ವಾಣಿ ಬಟ್ಟೆಯ ಗಂಟನ್ನು ಅಪ್ಪನ ಕಾರಿನ ಡಿಕ್ಕಿಯಲ್ಲಿಟ್ಟಳು.