ತನಿಖೆಯ ದಿನ ತೆರೆಯುವ ಪುಸ್ತಕ

ಕಾರ್ಮಿಕ ತನಿಖಾಧಿಕಾರಿಗಳ ಸನ್ನಿಧಾನಕ್ಕೆ,

ಮಾನ್ಯರೇ,

ತಾವೂ ತಮ್ಮ ಜೀಪೂ ಕ್ಷೇಮವೆಂದು ನಂಬಿ ಬರೆಯುತ್ತಿದ್ದೇನೆ. ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಬೇಕು, ಏಕೆಂದರೆ ನನ್ನ ಓದಿನಲ್ಲಿ ಅರ್ಧ ಪಾಲು ತಮ್ಮ ಇಲಾಖೆಯದೇ.

ಎರಡನೇ ತರಗತಿ ಬಿಟ್ಟು ರಟ್ಟಿನ ಡಬ್ಬಿ ಅಂಟಿಸುವ ಈ ಶೆಡ್ಡಿಗೆ ಬಂದವಳು ನಾನು. ತನಿಖೆಯ ದಿನ ಯಜಮಾನರು ಅಟ್ಟದಿಂದ ಒಂದು ಪಠ್ಯಪುಸ್ತಕ ಇಳಿಸಿ, ಅಂಟಿನ ಬಟ್ಟಲು ಬದಿಗೆ ಸರಿಸಿ, ಮಕ್ಕಳ ಮುಂದೆ ತೆರೆದಿಡುತ್ತಿದ್ದರು. ಅಧಿಕಾರಿಗಳು ಬಾಗಿಲಲ್ಲೇ ನಿಂತು, ಇಲ್ಲಿ ಪಾಠ ನಡೆಯುತ್ತಿದೆ ಎಂದು ಬರೆದುಕೊಳ್ಳುವಷ್ಟರಲ್ಲಿ ನಾನು ನಿಜವಾಗಿಯೂ ಒಂದು ಪಾಠ ಓದಿ ಮುಗಿಸುತ್ತಿದ್ದೆ. ವರ್ಷಕ್ಕೊಂದು ತನಿಖೆ, ವರ್ಷಕ್ಕೊಂದು ಪಾಠ. ವರ್ಷಕ್ಕೆ ಇನ್ನೂ ನಾಲ್ಕು ಸಲ ದಯಮಾಡಿಸಿದ್ದರೆ ನಾನು ಇಷ್ಟು ಹೊತ್ತಿಗೆ ಮೇಷ್ಟ್ರಾಗುತ್ತಿದ್ದೆನೋ ಏನೋ.

ಆರನೇ ಪಾಠದಲ್ಲಿ ಒಂದು ಕರು ಹಾಳುಬಾವಿಗೆ ಬಿದ್ದಿತ್ತು. ಹಗ್ಗ ಹಾಕಿ ಎಳೆಯಬೇಕೋ, ಮೆಟ್ಟಿಲು ಕಡಿದು ಹತ್ತಿಸಬೇಕೋ ಎಂದು ಊರ ಹಿರಿಯರು ಚರ್ಚಿಸುತ್ತಿರುವಾಗಲೇ ಪುಟ ಮುಗಿಯಿತು. ಮುಂದಿನ ಪುಟ ನಮ್ಮದೇ ಅಂಟುಗೈ ತಗುಲಿ ಕಚ್ಚಿಕೊಂಡಿದೆ. ಕರುವಿನ ಗತಿ ಏನಾಯಿತೋ ಎಂಬ ಚಿಂತೆ ನನಗೆ ಇಪ್ಪತ್ತೈದು ವರ್ಷಗಳಿಂದ.

ಮೊನ್ನೆ ತಮ್ಮ ಚರ್ಚಾಕೂಟಕ್ಕೆ ತಿಂಡಿ ಡಬ್ಬಿ ಹೊತ್ತು ತಂದು, ಹಿಂದೆ ನಿಂತು ಕೇಳಿದೆ. ಮಕ್ಕಳ ದುಡಿಮೆ ನಿಲ್ಲಿಸಲೇಬೇಕೆಂದು ಒಬ್ಬರು, ನಿಲ್ಲಿಸಿದರೆ ಬಡವರ ಒಲೆ ಆರುತ್ತದೆಂದು ಇನ್ನೊಬ್ಬರು. ಅವರು ಮಾತಾಡಿದಾಗ ಅವರೇ ಸರಿ, ಇವರು ಮಾತಾಡಿದಾಗ ಇವರೇ ಸರಿ ಅನ್ನಿಸಿ ನನಗೆ ತಲೆ ಸುತ್ತಿತು. ಎಷ್ಟು ಚೆಂದದ ಮಾತು, ನನ್ನ ಮಗಳಿಗೆ ಮದುವೆಯಾಗುವವರೆಗೂ ಕೇಳಬಹುದು!

ಆದರೆ ಅವಳಿಗೆ ಈಗ ಒಂಬತ್ತು. "ನಿನ್ನ ಬೆರಳು ದಪ್ಪಗಾಯ್ತಮ್ಮ, ಡಬ್ಬಿ ಮೂಲೆಗೆ ಸಣ್ಣ ಬೆರಳೇ ಬೇಕು, ಮಗಳನ್ನ ಕಳಿಸು" ಎನ್ನುತ್ತಿದ್ದಾರೆ ಯಜಮಾನರು. ಕಳಿಸದಿದ್ದರೆ ನನ್ನ ಜಾಗಕ್ಕೂ ಬೇರೆಯವರಂತೆ. ಆದ್ದರಿಂದ ಚರ್ಚೆ ಮುಗಿಯುವವರೆಗೆ ಅವಳ ವಯಸ್ಸು ನಿಲ್ಲುವಂತೆ ಒಂದು ಆದೇಶ ಹೊರಡಿಸಬೇಕು. ಅದಾಗದಿದ್ದರೆ ನನ್ನ ಬೆರಳು ಸಣ್ಣದು ಮಾಡಿಸಿಕೊಡಬೇಕು. ಎರಡೂ ಆಗದಿದ್ದರೆ ದಿನಾ ತನಿಖೆಗೆ ಬಂದು, ಒಂದೇ ಒಂದು ಸಲ ಬಾಗಿಲು ದಾಟಿ ಒಳಗೆ ಬರಬೇಕು.

ಆರು ಪಾಠಗಳಿಗೆ ಋಣಿಯಾದ
ತಮ್ಮ ವಿಶ್ವಾಸಿ,
ಡಬ್ಬಿ ಅಂಟಿಸುವವಳು

ತಾ.ಕ.: ಗುರುವಾರ ತಾವು ದಿಢೀರ್ ಭೇಟಿ ಕೊಡುತ್ತೀರೆಂದು ಸೋಮವಾರವೇ ತಿಳಿಸಿದ ಯಜಮಾನರು, ಪುಸ್ತಕದ ಧೂಳು ಒರೆಸಲು ನನ್ನ ಕೈಲಿ ಮನೆಗೆ ಕೊಟ್ಟು ಕಳಿಸಿದ್ದರು. ಶಾಲೆಯಿಂದ ಬಂದ ಮಗಳು ಹಬೆಗೆ ಹಿಡಿದು ಆ ಅಂಟಿದ ಪುಟ ಬಿಡಿಸಿ ಓದಿದಳು. ಕರುವನ್ನು ಎತ್ತಿದ್ದು ನೀರಿಗೆ ಹೊರಟಿದ್ದ ಒಬ್ಬ ಹೆಂಗಸಂತೆ. ಹಿರಿಯರಿಗೆ ಗೊತ್ತಾದದ್ದು ಮರುದಿನವಂತೆ. ಗುರುವಾರ ಆ ಪುಸ್ತಕ ಶೆಡ್ಡಿನಲ್ಲಿ ಇರುವುದಿಲ್ಲ, ಮಗಳೂ ಇರುವುದಿಲ್ಲ. ಇಬ್ಬರೂ ಶಾಲೆಗೆ ಹೋಗಿರುತ್ತಾರೆ.