ಬ್ರೀಡಾ ಅಜ್ಜಿಯ ಸೋಡಾ ಬ್ರೆಡ್

ಕಿಟಕಿಯ ಬಳಿ ಬಟ್ಟೆ ಹೊದ್ದು ಆರುತ್ತಿದ್ದ ಬ್ರೆಡ್ಡನ್ನು ಶಮಂತ ಮೊದಲು ಮೂಸಿದ್ದಷ್ಟೆ. ಆಮೇಲೆ ಒಂದಂಚು ಮುರಿದ. ಅದಕ್ಕೆ ಚಟ್ನಿಪುಡಿ, ತುಪ್ಪ ಸೇರಿತು. ಹತ್ತು ನಿಮಿಷದಲ್ಲಿ ಉಳಿದದ್ದು ಬಟ್ಟೆ ಮಾತ್ರ.

"ಅಯ್ಯ, ಎಲ್ಲಾನೂ ತಿಂದಿ ಏನು?" ಪಕ್ಕದ ರೂಮಿನ ಪ್ರೇರಣಾ ಬಾಗಿಲಲ್ಲೇ ನಿಂತಳು. ಧಾರವಾಡದವಳು. "ಇವತ್ತ ಚರ್ಚಿನಾಗ ಐರಿಶ್ ಮಂದೀದು ಟೀ ಪಾರ್ಟಿ ಐತಿ. ಅಜ್ಜಿ ಅದಕ್ಕ ಮಾಡಿಟ್ಟಿರಬೇಕು!"

ಶಮಂತ ಖಾಲಿ ಬಟ್ಟೆಯನ್ನು ಕೊಡವಿ ನೋಡಿದ. ಸೆಲ್ಲಿ ಓಕ್ ಬಡಾವಣೆಯ ಈ ಮನೆಯ ಒಡತಿ ಬ್ರೀಡಾ ಅಜ್ಜಿ, ಐರ್ಲೆಂಡಿನ ಹಳ್ಳಿಯಲ್ಲಿ ತಾಯಿ ಮಾಡುತ್ತಿದ್ದಂತೆಯೇ ಮಜ್ಜಿಗೆ, ಅಡುಗೆ ಸೋಡಾ ಹಾಕಿ ಬ್ರೆಡ್ ಸುಡುವವಳು. ಮುಂದಿನ ವರ್ಷವೂ ಅವನಿಗೆ ರೂಮು ಕೊಡುವುದೋ ಬಿಡುವುದೋ ಎಂದು ಇವತ್ತೇ ಹೇಳುವವಳಿದ್ದಳು. ಯೂನಿವರ್ಸಿಟಿಗೆ ಐದು ನಿಮಿಷದ ಹಾದಿಯಲ್ಲಿ ಇಂಥ ರೂಮು ಮತ್ತೆಲ್ಲಿ?

"ಅಜ್ಜಿ ಬರೋದು ನಾಲ್ಕಕ್ಕೆ. ಅಷ್ಟರಲ್ಲಿ ಹೊಸದು ಮಾಡಿಟ್ರಾಯ್ತು ಬಿಡೋ," ಎಂದ ಮಹಡಿಯಿಂದ ಇಳಿದ ಮೈಸೂರಿನ ಉಲ್ಲಾಸ್.

ಹಿಟ್ಟು, ಸೋಡಾ ಸಿಕ್ಕವು. ಅಜ್ಜಿಯ ಮಜ್ಜಿಗೆ ಖಾಲಿಯಾಗಿತ್ತು. ಉಲ್ಲಾಸ್ ಫ್ರಿಜ್ಜಿನಿಂದ ತನ್ನ ಮಸಾಲೆ ಮಜ್ಜಿಗೆ ತಂದು ಸುರಿದೇಬಿಟ್ಟ.

"ಲೋ, ಅದಕ್ಕೆ ಹಸಿಮೆಣಸಿನಕಾಯಿ ಅರೆದು ಹಾಕಿದ್ದೀಯಲ್ಲೋ!"

"ಸೋಸಿದ್ದೀನಿ ಕಣೋ. ಗೊತ್ತೇ ಆಗಲ್ಲ."

"ಅಜ್ಜಿ ಹಿಟ್ಟನ್ನ ಜಾಸ್ತಿ ಮುಟ್ಟೋದೇ ಇಲ್ಲ, ಗಟ್ಟಿಯಾಗತ್ತೆ ಅಂತ," ಎಂದು ಶಮಂತ ಗೊಣಗಿದ.

"ಸುಮ್ನಿರಪಾ. ನಾದಲಿಲ್ಲಂದ್ರ ಅದೆಂಥಾ ಹಿಟ್ಟು?" ಪ್ರೇರಣಾ ಮದುವೆಮನೆಯ ಚಪಾತಿಗೆ ನಿಂತವಳಂತೆ ಇಪ್ಪತ್ತು ನಿಮಿಷ ನಾದಿದಳು. ಒದ್ದೆ ಬಟ್ಟೆ ಮುಚ್ಚಿ ಅರ್ಧ ಗಂಟೆ ನೆನೆಯಲೂ ಬಿಟ್ಟಳು. ಅಜ್ಜಿ ಹಾಕುವಂತೆಯೇ ಉಲ್ಲಾಸ್ ಮೇಲೆ ಶಿಲುಬೆಯ ಗೀರು ಹಾಕಿದ. ಓವನ್ನಿನಿಂದ ಹೊರಬಂದದ್ದು ಬಣ್ಣದಲ್ಲಿ ಬ್ರೆಡ್ಡು, ತೂಕದಲ್ಲಿ ರುಬ್ಬುಗುಂಡು. ಬಟ್ಟೆ ಹೊದಿಸುವಷ್ಟರಲ್ಲಿ ಮುಂಬಾಗಿಲಿನ ಬೀಗ ತಿರುಗಿತು. ಸಲಹೆಗಾರರಿಬ್ಬರೂ ಮಾಯವಾದರು.

ಅಜ್ಜಿ ಬೆಣ್ಣೆ ತಂದಿದ್ದಳು. "ಕೂತ್ಕೋ ಶಮಂತ್. ಈ ಬ್ರೆಡ್ ನಿನಗೇ ಅಂತ ಮಾಡಿದ್ದು," ಎಂದಳು ತನ್ನ ಇಂಗ್ಲಿಷಿನಲ್ಲಿ.

"ಚರ್ಚಿಗಲ್ವಾ?"

"ಚರ್ಚಿಗೆ ಕೇಕ್ ಕೊಟ್ಟು ಬಂದೆ."

ಚಾಕು ಮೂರು ಸಲ ಜಾರಿತು. "ಓವನ್ನಿಗೂ ನನ್ನಷ್ಟೇ ವಯಸ್ಸಾಯ್ತು," ಎಂದು ಅಜ್ಜಿ ನಿಟ್ಟುಸಿರಿಟ್ಟಳು. "ನನಗೆ ಬ್ರೆಡ್ ಬೇಡ ಅಂದಿದ್ದಾರೆ ಡಾಕ್ಟರು. ನೀನು ತಿನ್ನು, ನಾನು ನೋಡ್ತಾ ಕೂರ್ತೀನಿ."

ಶಮಂತ ಕಚ್ಚಿದ. ಹಲ್ಲು ಹೇಗೋ ಉಳಿಯಿತು. ಒಳಗೆ ಮೆಣಸಿನಕಾಯಿ ಕಾದು ಕೂತಿತ್ತು. ಕಣ್ಣಿಂದ ನೀರು ಧಾರಾಕಾರ.

"ಓ, ವಿಷಯ ಆಗಲೇ ತಿಳೀತಾ?" ಅಜ್ಜಿ ಅವನ ಕೈ ಹಿಡಿದುಕೊಂಡಳು. "ಮುಂದಿನ ವರ್ಷ ನನ್ನ ಮೊಮ್ಮಗಳು ಇಲ್ಲಿಗೇ ಓದೋಕೆ ಬರ್ತಾಳೆ. ರೂಮು ಅವಳಿಗೆ ಕೊಡಲೇಬೇಕು. ನಿನಗೆ ಬೇಜಾರಾಗದಿರಲಿ ಅಂತಲೇ ಇದನ್ನ ಮಾಡಿದ್ದು. ಅಳಬೇಡ ಮಗು."

ಇನ್ನೊಂದು ದಪ್ಪ ತುಂಡಿಗೆ ಬೆಣ್ಣೆ ಸವರಿ ತಟ್ಟೆಗೆ ಹಾಕಿದಳು.

"ತಿನ್ನು. ಸಮಾಧಾನ ಆಗತ್ತೆ."